ಧೂಮಕೇತುವಿನ ಹೊಟ್ಟೆಯ ಬಿಸಿ

ಮನುಷ್ಯನು ತಲೆಯೆತ್ತಿ ಆಕಾಶವನ್ನು ನೋಡಿ ಬೆರಗಾದ ಗಳಿಗೆಯಲ್ಲಿಯೇ ವಿಜ್ಞಾನ ಹುಟ್ಟಿತೆಂದು ದೊಡ್ಡವರು ಬರೆಯುತ್ತಾರೆ. ಇರಬಹುದು. ನಮ್ಮ ಶಿಕ್ಷಣ ಸಂಸ್ಥೆಯಲ್ಲಿ ಮಾತ್ರ ಅದು ಹುಟ್ಟಿದ್ದು ಕಾರ್ಯದರ್ಶಿಗಳು ತಲೆ ತಗ್ಗಿಸಿ ಮೊಬೈಲ್ ನೋಡಿದ ಗಳಿಗೆಯಲ್ಲಿ.

ಆ ವರ್ಷ ಒಂದು ಧೂಮಕೇತು ಬಂದಿತ್ತು. ಸಂಜೆಯ ಹೊತ್ತು ಪಡುವಣದಲ್ಲಿ ಕಾಣುತ್ತದೆಂದು ಪತ್ರಿಕೆಗಳು ಬರೆದಿದ್ದವು. ನಮ್ಮ ಇಂಡಿ ತಾಲೂಕಿನ ಕಡೆ ಅದೇ ದಿಕ್ಕಿನಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆ ಅದಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ಬಹಳ ಜನ ಅದನ್ನೇ ನೋಡಿ ತೃಪ್ತರಾದರು. ನಮ್ಮ ಕಾರ್ಯದರ್ಶಿ ಗುರುಪಾದಪ್ಪ ಸಾವಕಾರರಿಗೆ ಯಾರೋ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಮರುದಿನ ಬೆಳಿಗ್ಗೆ ನಾಲ್ಕೂ ಹೈಸ್ಕೂಲುಗಳಿಗೆ ಅವರ ಧ್ವನಿಸಂದೇಶ ಬಂತು:

"ಎಲ್ಲಾ ಸಾಲ್ಯಾಗೂ ಧೂಮಕೇತು ಪಾಠ ಆಗಬೇಕ್ರಿ. ಬಾಲದ ಸುದ್ದಿ ಬ್ಯಾಡ. ಬಾಲ ಎಲ್ಲಾರೂ ಹೇಳ್ತಾರ. ಒಳಗ ಏನೈತಿ, ಅದನ್ನ ಹೇಳ್ರಿ. ನಾನಽ ಬಂದು ಕುಂದರ್ತೇನಿ."

ನಾನು ಆಗ ಆ ಸಂಸ್ಥೆಯ ವಿಜ್ಞಾನ ಮೇಲ್ವಿಚಾರಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ನಮ್ಮ ಒಂದೊಂದು ಶಾಲೆ. ಬಸ್ಸಿನಲ್ಲಿ ಹೋಗುವುದು, ಹಿಂದಿನ ಬೆಂಚಿನಲ್ಲಿ ಕೂರುವುದು, ಶಿಕ್ಷಕರು ಪಾಠ ಮಾಡುವುದನ್ನು ನೋಡುವುದು, ಕೊನೆಗೆ "ಚೊಲೋ ಆತು" ಎನ್ನುವುದು ನನ್ನ ಕೆಲಸ. ಈಗ ನಿವೃತ್ತನಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಮನೆಗೆ ಬಂದು, "ಸರ್, ಮೇಲ್ವಿಚಾರಣೆ ಅಂದ್ರ ಏನ್ರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಂದ ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಬಂದದ್ದು ಒಂದೇ, ಅದರಿಂದ ಬದಲಾದದ್ದು ಕುರ್ಚಿಯ ಹಿಂಬದಿಯ ಟವೆಲ್ ಮಾತ್ರ.

ಸಾವಕಾರರ ಸಂದೇಶ ಮೂರು ಶಾಲೆಗಳಿಗೆ ಒಂದು ಹಬ್ಬದ ಹಾಗಿತ್ತು. ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯ ಶಾಲೆಗೆ ಹಾಗಿರಲಿಲ್ಲ. ಅಲ್ಲಿ ಸುಜಾತಾ ಎಂಬ ವಿಜ್ಞಾನ ಶಿಕ್ಷಕಿ ಇದ್ದರು. ಅಗರಖೇಡದವರು, ಅವರ ಮನೆಯಲ್ಲಿ ಮೊದಲ ಪದವೀಧರೆ. ಹಿಪ್ಪರಗಿಯಲ್ಲೇ ಒಂದು ಕೋಣೆ ಹಿಡಿದುಕೊಂಡು ಪ್ರೊಬೇಷನ್ ಮುಗಿಸುತ್ತಿದ್ದರು. ಆ ವರ್ಷ ಅವರು ಕಾಯಂ ಆಗಬೇಕಿತ್ತು. ಧ್ವನಿಸಂದೇಶದ ಹಿಂದೆಯೇ ಎರಡನೆಯದೊಂದು ಬಂತು, ಆ ಶಾಲೆಗೆ ಮಾತ್ರ: "ಆ ಹೊಸಾ ಟೀಚರದ್ದು ಧೂಮಕೇತು ಪಾಠ ನೋಡೇ ಕಾಯಂ ಮಾಡೂದು, ಬಿಡೂದು." ಎರಡು ವರ್ಷ ಅವರು ಮಾಡಿದ ಪಾಠಗಳಿಗೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ. ಅದು ನಮ್ಮ ಸಂಸ್ಥೆಯ ಪದ್ಧತಿ. ಆಯ್ಕೆ ಮಾಡುವಾಗ ಹೀಗೆ ಒಂದೇ ದಿನದಲ್ಲಿ ಮನುಷ್ಯರನ್ನು ಅಳೆಯುವುದರಿಂದ ಅಳೆಯುವವರಿಗೆ ಸಮಯ ಉಳಿಯುತ್ತದೆ.

ನಾನು ನಾಲ್ಕೂ ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೂಡಿಸಿ ವಿಷಯ ಹೇಳಿದೆ. ಧೂಮಕೇತು ಎಂದರೆ ಮಂಜು, ಧೂಳು ಕಲೆಸಿದ ಮುದ್ದೆ. ಬಿಸಿಲು ಅದರ ತೊಗಲನ್ನು ಮುಟ್ಟೀತು, ಹೊಟ್ಟೆಯನ್ನು ಮುಟ್ಟದು. ಆದರೂ ಹೊಟ್ಟೆ ಒಂದು ಕಾಲಕ್ಕೆ ಬಿಸಿಯಾಗಿರಬಹುದು ಎನ್ನುತ್ತಾರೆ. ಸೌರಮಂಡಲ ಹಸುಗೂಸಾಗಿದ್ದಾಗ ಆ ಧೂಳಿನಲ್ಲಿ ಒಂದು ಜಾತಿಯ ಅಲ್ಯುಮಿನಿಯಂ ಇತ್ತು. ಅದು ನಿಂತಲ್ಲಿ ನಿಲ್ಲುವ ಸ್ವಭಾವದ್ದಲ್ಲ. ಸುಮಾರು ಏಳು ಲಕ್ಷ ವರ್ಷ ಕಳೆದರೆ ಅರ್ಧ ಮುರಿದು ಮೆಗ್ನೀಸಿಯಂ ಆಗಿರುತ್ತದೆ, ಮತ್ತೆ ಅಷ್ಟೇ ಕಾಲದಲ್ಲಿ ಉಳಿದುದರ ಅರ್ಧ. ಮುರಿಯುವಾಗ ಒಂದೊಂದು ಪರಮಾಣುವೂ ಚೂರು ಬಿಸಿ ಬಿಡುತ್ತದೆ. ಇದಕ್ಕೆ ವಿಕಿರಣಶೀಲತೆ ಎನ್ನುತ್ತಾರೆ. ಮುದ್ದೆ ದೊಡ್ಡದಿದ್ದರೆ ಆ ಬಿಸಿ ಹೊರಗೆ ಬರಲು ದಾರಿ ಸಿಗದೆ ಒಳಗೇ ಕೂಡುತ್ತದೆ.

ಎಲ್ಲರೂ ತಲೆಯಾಡಿಸಿದರು. ಶಿಕ್ಷಕರು ತಲೆಯಾಡಿಸುವುದರಲ್ಲಿ ಎರಡು ಬಗೆ. ತಿಳಿಯಿತು ಎಂಬುದು ಒಂದು, ಚಹಾ ಯಾವಾಗ ಎಂಬುದು ಇನ್ನೊಂದು. ಮೇಲ್ವಿಚಾರಕನಾದವನು ಇವೆರಡರ ವ್ಯತ್ಯಾಸವನ್ನು ಮೊದಲ ವರ್ಷದಲ್ಲೇ ಕಲಿಯಬೇಕು.

ಮೊದಲ ಪಾಠ ಇಂಡಿಯಲ್ಲಿ. ಅಲ್ಲಿಯ ವಿಜ್ಞಾನ ಶಿಕ್ಷಕ ಪಾಟೀಲ ಮಾಸ್ತರರು ಉತ್ಸಾಹದ ಮನುಷ್ಯ. ಮಂಜುಗಡ್ಡೆ ತಂದು ಪ್ರತ್ಯಕ್ಷ ಧೂಮಕೇತುವನ್ನೇ ಮಾಡುತ್ತೇನೆಂದರು. ಮಣ್ಣು ಕಲೆಸಿದರೆ ಕೋಣೆ ರಾಡಿಯಾಗುತ್ತದೆಂದು ಧೂಳಿನ ಬದಲು ಸಕ್ಕರೆ ಹಾಕಿದರು. ವಿಕಿರಣಶೀಲ ಧಾತುವಿಗೆ ಏನು ಮಾಡುವುದೆಂದು ಯೋಚಿಸಿದರು. ಇಂಡಿ ನಿಂಬೆ ಬೆಳೆಯುವ ಸೀಮೆ, ಅಲ್ಲಿ ಯಾವುದಕ್ಕೆ ಯೋಚನೆ ಬಂದರೂ ಪರಿಹಾರ ಒಂದೇ. ನಿಂಬೆಹಣ್ಣು ಹೆಚ್ಚಿ ಹಾಕಿದರು. ಹನ್ನೊಂದು ಗಂಟೆಗೆ ಧೂಮಕೇತು ಬುಟ್ಟಿಯಲ್ಲಿ ಸಿದ್ಧವಾಯಿತು. ಸಾವಕಾರರು ತಮ್ಮ ಪದವಿಗೆ ತಕ್ಕಷ್ಟು ತಡವಾಗಿ ಬಂದರು. ಅಷ್ಟರೊಳಗೆ ಧೂಮಕೇತುವನ್ನು ಬುಟ್ಟಿಯಿಂದ ಬಕೆಟ್ಟಿಗೆ ವರ್ಗಾಯಿಸಬೇಕಾಗಿ ಬಂದಿತ್ತು.

"ಏನ್ರೀ ಮಾಸ್ತರ, ಇದೇನಿದು?"

"ಧೂಮಕೇತು ಸರ್. ಸೂರ್ಯಾನ ಸನೇಕ ಬಂದೈತಿ."

ಸಾವಕಾರರು ಬಿಸಿಲಲ್ಲಿ ಬಂದಿದ್ದರು. ಒಂದು ಗ್ಲಾಸು ಕುಡಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ವಿಶ್ವದ ರಹಸ್ಯವನ್ನು ಅನುಭವಿಸಿದರು. "ಭೇಷ್! ಇನ್ನೊಂದು ಗ್ಲಾಸ್ ಹಾಕ್ರಿ. ಉಪ್ಪು ಚೂರು ಬೇಕಾಗಿತ್ತು ನೋಡ್ರಿ." ಪಾಠಕ್ಕೆ 'ಅತ್ಯುತ್ತಮ' ಎಂದು ಅಭಿಪ್ರಾಯವಾಯಿತು. ಒಳಗಿನ ಬಿಸಿಯ ವಿಷಯವನ್ನು ಯಾರೂ ಎತ್ತಲಿಲ್ಲ. ಅಷ್ಟು ತಂಪಾದ ವಸ್ತುವಿನ ಬಗ್ಗೆ ಆ ಮಾತೆತ್ತುವುದು ಅಸಭ್ಯವಾಗುತ್ತಿತ್ತು.

ಸಿಂದಗಿಯಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿಯ ಹೆಡ್‌ಮಾಸ್ತರ್ ದೇಸಾಯರು ಸೂರ್ಯನನ್ನು ಬಿಟ್ಟು ಬೇರೆ ಒಲೆಯನ್ನು ಒಪ್ಪದವರು. "ಇಷ್ಟು ದೊಡ್ಡ ಸೂರ್ಯಾ ಇರೂವಾಗ ಒಳಗ ಮತ್ಯಾಕ ಬೆಂಕಿ ಹಚ್ತೀರಿ?" ಎಂದು ನನ್ನನ್ನೇ ಕೇಳಿದರು. ಅಲ್ಯುಮಿನಿಯಂ ಕಥೆ ಹೇಳಿದೆ. ಅವರ ಮುಖ ಬಾಡಿತು. ಎದ್ದು ಸೀದಾ ಅಡುಗೆ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಿಸಿಯೂಟದ ಅಡುಗೆಯ ನೀಲವ್ವ ಸೌಟು ಹಿಡಿದುಕೊಂಡೇ ತರಗತಿಗೆ ಬಂದಳು.

"ಸಾಹೇಬ್ರ, ಅಲ್ಯುಮಿನಿ ಬೋಗಾಣ್ಯಾಗ ಅನ್ನಾ ಮಾಡಬ್ಯಾಡ ಅಂದೀರಂತ? ಮತ್ತ ಇಷ್ಟು ಹುಡುಗ್ರಿಗೆ ಯಾತರಾಗ ಮಾಡ್ಲಿ, ನನ್ನ ಕೈಬಟ್ಟಲದಾಗ?"

ಆ ಅಲ್ಯುಮಿನಿಯಂ ಬೇರೆ ಜಾತಿ, ಅದು ತೀರಿಕೊಂಡು ನಾನೂರೈವತ್ತು ಕೋಟಿ ವರ್ಷಗಳ ಹತ್ತಿರವಾಯಿತು, ಈಗ ಬೋಗಾಣಿಯಲ್ಲಿರುವುದು ಸಂಭಾವಿತ ಅಲ್ಯುಮಿನಿಯಂ ಎಂದು ನಾನು ಇಬ್ಬರಿಗೂ ಬಿಡಿಸಿ ಹೇಳಿದೆ. ನೀಲವ್ವ ಒಪ್ಪಿದಳು. ದೇಸಾಯರು ಅಂದು ಮಾತ್ರ ಮನೆಯಿಂದ ಡಬ್ಬಿ ತರಿಸಿಕೊಂಡರು. ಡಬ್ಬಿಯೂ ಅಲ್ಯುಮಿನಿಯಂದೇ ಆಗಿತ್ತು. ದೊಡ್ಡವರ ಊಟದ ಹೊತ್ತಿನಲ್ಲಿ ವಿಜ್ಞಾನ ಹೇಳಬಾರದು. ಆ ಪಾಠದಲ್ಲಿ ಶಿಕ್ಷಕರು ಇಡೀ ಗಂಟೆ ಸೂರ್ಯನ ಮಹಿಮೆಯನ್ನೇ ಹೇಳಿದರು. ಸಾವಕಾರರು ಅದನ್ನೂ 'ಅತ್ಯುತ್ತಮ' ಎಂದರು.

ಮುದ್ದೇಬಿಹಾಳದವರಿಗೆ ಆಗತಾನೆ ಸ್ಮಾರ್ಟ್ ಬೋರ್ಡ್ ಬಂದಿತ್ತು. ನಾನು ಕೆಲಸಕ್ಕೆ ಸೇರಿದಾಗ ಶಿಕ್ಷಕರು ಸೀಮೆಸುಣ್ಣದಲ್ಲಿ ವೃತ್ತ ಬರೆಯುತ್ತಿದ್ದರು. ಅದು ಯಾವಾಗಲೂ ಬದನೆಕಾಯಿಯಾಗುತ್ತಿತ್ತು, ಆದರೆ ಅದನ್ನು ಬರೆಯುವಾಗ ಶಿಕ್ಷಕರ ಬಾಯಿಂದ ಮಾತು ಬರುತ್ತಿತ್ತು. ಈಗ ವೃತ್ತ ತಪ್ಪದೆ ದುಂಡಗೆ ಬರುತ್ತದೆ, ಮಾತು ನಿಂತಿದೆ. ಅಲ್ಲಿಯ ಶಿಕ್ಷಕರು ಒಂದು ವಿಡಿಯೋ ಹಚ್ಚಿ ಬದಿಗೆ ಸರಿದು ನಿಂತರು. ಪರದೆಯ ಮೇಲೆ ಧೂಮಕೇತು ತಿರುಗಿತು, ಸೀಳಿತು, ಒಳಗೆ ಕೆಂಪಗೆ ಉರಿಯಿತು. ಯಾರೋ ಪರದೇಶದವರು ಮೂಗಿನಲ್ಲಿ ವಿವರಿಸಿದರು. ಕರೆಂಟ್ ಹೋಯಿತು.

"ತಿಳೀತಿಲ್ಲೋ?" ಎಂದು ಶಿಕ್ಷಕರು ಕೇಳಿದರು.

"ಹೌದ್ರೀ ಸರ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಆಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಒಳಗ ಅಷ್ಟು ಬಿಸಿ ಇತ್ತಂದ್ರ ಮಂಜು ಹೆಂಗ ಉಳೀತ್ರಿ? ಕರಗಿ ಹೋಗಬೇಕಾಗಿತ್ತಲ್ಲ?"

"ಅದು ಪರೀಕ್ಷಾಕ್ಕ ಬರೂದಿಲ್ಲ. ಕುಂದರ."

ಸಾವಕಾರರು ಕರೆಂಟ್ ಹೋಗುವ ಮೊದಲೇ ನಿದ್ದೆಗೆ ಹೋಗಿದ್ದರು. ಎದ್ದಮೇಲೆ, "ಭಾಳ ಚೊಲೋ ಆತ್ರಿ. ಸ್ಮಾರ್ಟ್ ಆಗೇತಿ" ಎಂದರು. ಹೀಗೆ ಮೂರು ಶಾಲೆಗಳಲ್ಲಿ ಮೂರು ಅತ್ಯುತ್ತಮ ಪಾಠಗಳಾದವು. ಮೂರರಲ್ಲಿಯೂ ಧೂಮಕೇತುವಿನ ಹೊಟ್ಟೆಯೊಳಗೆ ಯಾರೂ ಕಾಲಿಡಲಿಲ್ಲ.

ನಾನು ಆ ಹುಡುಗಿಯ ಪ್ರಶ್ನೆಯನ್ನು ಹೊತ್ತುಕೊಂಡು ಹೂವಿನ ಹಿಪ್ಪರಗಿಗೆ ಹೋದೆ. ಇಂಡಿಯ ಶರಬತ್ತಿನ ಕಥೆ ಹೇಳಿದಾಗ ಸುಜಾತಾ ನಕ್ಕರು. ಪ್ರಶ್ನೆಯನ್ನು ಹೇಳಿದಾಗ ನಗು ನಿಂತಿತು.

"ಸರ್, ಖರೇ ಪಾಠ ಅದಽ ಐತಲ್ಲರಿ. ಬಿಸಿ ಆತು ಅನ್ನೂದು ಅರ್ಧಾ. ಯಾಕ ಪೂರಾ ಬಿಸಿ ಆಗಲಿಲ್ಲ ಅನ್ನೂದು ಇನ್ನರ್ಧಾ."

"ಸಾವಕಾರರಿಗೆ ಮೊದಲನೇ ಅರ್ಧಾನ ಹೆಚ್ಚಾಗತೈತಿ" ಎಂದೆ. "ನಿಂಬಿಹಣ್ಣು ತರಿಸ್ರಿ. ಕಾಯಂ ಆಗ್ರಿ. ಆಮ್ಯಾಲ ಬೇಕಾದ್ದು ಕಲಿಸ್ರಿ."

"ಆಮ್ಯಾಲ ಅಂದವ್ರು ಯಾರೂ ಕಲಿಸಿಲ್ರಿ ಸರ್. ನೀವಽ ನೋಡೀರಿ."

ನಾನು ನೋಡಿದ್ದೆ.

ಅವರು ಕಿಟಕಿಯ ಹೊರಗೆ ಕೈ ಮಾಡಿದರು. ಶಾಲೆಯ ಗೋಡೆಯಾಚೆ ಸಾವಕಾರರದೇ ಹೊಲಮನೆ, ಅದರ ಪಕ್ಕದಲ್ಲಿ ಮನುಷ್ಯನಿಗಿಂತ ಎತ್ತರದ ತಿಪ್ಪೆ. ನಮ್ಮ ಕಡೆ ಬೇಸಾಯದವರಿಗೆ ಒಂದು ರೂಢಿಯುಂಟು. ಗೊಬ್ಬರ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ತಿಪ್ಪೆಯೊಳಗೆ ಉದ್ದನೆಯ ಕಬ್ಬಿಣದ ಸಳಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಮುಂಗೈಗೆ ಮುಟ್ಟಿಸಿಕೊಳ್ಳುತ್ತಾರೆ. ಹೊರಗೆ ತಣ್ಣಗಿರುವ ತಿಪ್ಪೆಯ ಹೊಟ್ಟೆ ಸುಡುತ್ತಿರುತ್ತದೆ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ.

"ಒಲಿ ಬ್ಯಾರೆ ಬ್ಯಾರೆ ಸರ್. ತಿಪ್ಪ್ಯಾಗ ಜೀವಾಣು ಬಿಸಿ ಮಾಡ್ತಾವ, ಅಲ್ಲಿ ಪರಮಾಣು ಮುರದು ಬಿಸಿ ಆಗತೈತಿ. ಆದ್ರ ಬಿಸಿ ಉಳಿಯೂ ಲೆಕ್ಕಾ ಒಂದಽ. ದೊಡ್ಡದಿದ್ರ ಉಳೀತೈತಿ, ಸಣ್ಣದಿದ್ರ ಹೋಗತೈತಿ."

ಮೂವತ್ತು ವರ್ಷ ನಾನು ಈ ವಿಷಯವನ್ನು ತಲೆಗೆ ಹತ್ತಿಸಲು ಬಣ್ಣದ ಚಾರ್ಟು ಹೊತ್ತುಕೊಂಡು ತಿರುಗಿದ್ದೆ. ತಿಪ್ಪೆಗಳ ನಡುವೆಯೇ ತಿರುಗಿದ್ದೆ.

ಶಾಲೆಯ ಮೈದಾನದ ಮೂಲೆಯಲ್ಲಿ ಎರಡು ತಿಪ್ಪೆ ಒಟ್ಟುವುದೆಂದಾಯಿತು, ಒಂದು ದೊಡ್ಡದು, ಒಂದು ಬುಟ್ಟಿಯಷ್ಟು. ಸಾವಕಾರರ ಹೊಲಮನೆಯ ಆಳು, "ಸಾಲಿಗಂದ್ರ ಒಯ್ರಿ" ಎಂದು ಒಂದು ಟ್ರೇಲರ್ ಹಸಿಗೊಬ್ಬರ ಸುರಿದುಹೋದ. ಪಾಠಕ್ಕೆ ಒಂದು ವಾರವಿರುವಾಗಲೇ ಒಟ್ಟಿದರು, ಹೊಟ್ಟೆ ಕಾಯಲಿ ಎಂದು. ಮಕ್ಕಳು ದಿನಾ ಸಳಿ ಚುಚ್ಚಿ ನೋಡಿದರು. ದೊಡ್ಡದು ದಿನದಿನಕ್ಕೆ ಬಿಸಿಯಾಯಿತು. ಸಣ್ಣದು ಸಣ್ಣದರಂತೆಯೇ ಉಳಿಯಿತು. ಎಲ್ಲವೂ ಸರಿಯಾಗಿತ್ತು.

ಇಲ್ಲಿ ನಮ್ಮ ಶಾಲೆಗಳ ಒಂದು ಸಂಪ್ರದಾಯವನ್ನು ಹೊಸಬರು ತಿಳಿದಿರಬೇಕು. ದೊಡ್ಡವರು ಬರುವ ಹಿಂದಿನ ದಿನ ಶಾಲೆಯನ್ನು ಸ್ವಚ್ಛ ಮಾಡುತ್ತಾರೆ. ಹೂವಿನ ಹಿಪ್ಪರಗಿಯ ಹೆಡ್‌ಮಾಸ್ತರ್ ವೆಂಕಟರಾಯರು ಈ ಸಂಪ್ರದಾಯದ ಕಟ್ಟಾ ಅನುಯಾಯಿ. ಸಾವಕಾರರು ಬರುವ ದಿನ ಮೈದಾನದಲ್ಲಿ ತಿಪ್ಪೆ ಇರುವುದನ್ನು ಅವರ ಆತ್ಮ ಸಹಿಸಲಿಲ್ಲ. ಪಾಠದ ಸಾಮಗ್ರಿಯಾದ್ದರಿಂದ ತೆಗೆಸುವಂತೆಯೂ ಇಲ್ಲ. ಆದ್ದರಿಂದ ಸುಧಾರಿಸಿದರು. ದೊಡ್ಡ ತಿಪ್ಪೆಯನ್ನು ಮೊಳಕಾಲೆತ್ತರಕ್ಕೆ ಸಮನಾಗಿ ಹರವಿಸಿ, ಚೌಕಾಕಾರ ಮಾಡಿಸಿ, ಅಂಚಿಗೆ ಸುಣ್ಣದ ಗೆರೆ ಎಳೆಸಿ, ವಾಸನೆ ಹೋಗಲೆಂದು ಮೇಲೆ ನೀರು ಹೊಡೆಸಿ, ನಾಲ್ಕು ಮೂಲೆಗೆ ಚೆಂಡುಹೂವಿನ ಕುಂಡ ಇಡಿಸಿದರು. ಸಾವಕಾರರು ಬರುವ ದಿನ ಬೆಳಿಗ್ಗೆ ನಾನೂ ಸುಜಾತಾ ಅವರೂ ಬಂದು ನೋಡಿದಾಗ ಅದು ಯಾವುದೋ ಗಣ್ಯರ ಸಮಾಧಿಯಂತೆ ಕಾಣುತ್ತಿತ್ತು.

"ಸರ್, ಇದನ್ನ ಯಾಕ ಹರವಿಸಿದ್ರಿ?" ಸುಜಾತಾ ಅವರ ದನಿ ಸಣ್ಣದಾಗಿತ್ತು.

"ನಿನ್ನ ಸಲುವಾಗೇ ತಂಗಿ. ಈಗ ನೋಡು, ಎಷ್ಟು ಸಭ್ಯ ಕಾಣತೈತಿ!"

"ಬಿಸಿ ಹೋಗಿರತೈತಲ್ಲರಿ."

"ಬಿಸಿ ಕಣ್ಣಿಗೆ ಕಾಣೂದಿಲ್ಲ. ಹೊಲಸು ಕಾಣತೈತಿ" ಎಂದರು ವೆಂಕಟರಾಯರು. ಆಡಳಿತಶಾಸ್ತ್ರವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮತ್ತೆ ಒಟ್ಟಲು ಸಮಯವಿರಲಿಲ್ಲ. ಸಾವಕಾರರು ಅಂದು ಮಾತ್ರ ಸಮಯಕ್ಕೆ ಸರಿಯಾಗಿ ಬಂದರು. ಅವರ ಊರು, ಅವರ ಶಾಲೆ, ಅವರ ಹೊಲದ ಪಕ್ಕ. ಕುರ್ಚಿಯಲ್ಲಿ ಕೂತು ಚೌಕವನ್ನು ನೋಡಿದರು, ಮೂಗು ಸುಕ್ಕಿಸಿದರು.

"ಏನ ಟೀಚರ, ಆಕಾಶದಾಗಿಂದ ಇಳದು ಸೀದಾ ತಿಪ್ಪಿಗೇ ಬಂದ್ಯಲ್ಲ? ನಿನಗ ಇದನ್ನ ಬಿಟ್ಟು ಬ್ಯಾರೆ ಏನೂ ಹೊಳೀಲಿಲ್ಲೇನ? ಆತು ಬಿಡು, ನಿಮ್ಮ ಓಣ್ಯಾಗಿಂದ ತಂದೀದಿ ಅಂದ್ರ ಇದನ್ನಽ ತರಬೇಕು."

ಆ ಮಾತಿನ ಹೊಟ್ಟೆಯಲ್ಲಿ ಇನ್ನೊಂದು ಮಾತಿತ್ತು. ಎಲ್ಲರಿಗೂ ಕೇಳಿಸಿತು, ಯಾರೂ ಕೇಳಿಸಿಕೊಳ್ಳಲಿಲ್ಲ. ವೆಂಕಟರಾಯರು ಚೆಂಡುಹೂವನ್ನು ಪರೀಕ್ಷಿಸತೊಡಗಿದರು.

ಸುಜಾತಾ ಸಳಿಯನ್ನು ಕೈಯಿಂದ ಕೈಗೆ ಬದಲಾಯಿಸಿದರು. "ನಮ್ಮ ಓಣ್ಯಾಗ ತಿಪ್ಪಿ ಇಲ್ಲರಿ ಸರ್. ತಿಪ್ಪಿ ಇರಬೇಕಂದ್ರ ದನಾ ಇರಬೇಕು, ದನಾ ಇರಬೇಕಂದ್ರ ಹೊಲಾ ಇರಬೇಕು. ಎರಡೂ ಇಲ್ಲ. ಇದು ನಿಮ್ಮ ಮನೀದು."

ಸಾವಕಾರರು ಮೂಗನ್ನು ನೆಟ್ಟಗೆ ಮಾಡಿಕೊಂಡರು. ತಮ್ಮದೇ ವಸ್ತುವಿನ ವಾಸನೆ ಅಷ್ಟು ಕೆಟ್ಟದ್ದಿರಲಿಕ್ಕಿಲ್ಲವೆಂದು ಅವರಿಗೆ ಅನ್ನಿಸಿರಬೇಕು.

ಸುಜಾತಾ ಚೌಕಕ್ಕೆ ಸಳಿ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಎಳೆದು ಒಬ್ಬ ಹುಡುಗನ ಮುಂಗೈಗೆ ಮುಟ್ಟಿಸಿದರು.

"ತಣ್ಣಗೈತ್ರಿ ಅಕ್ಕೋರ."

"ನಿನ್ನೆ?"

"ನಿನ್ನೆ ಸುಡತಿತ್ರಿ."

"ಮತ್ತ ಈಗ ಯಾಕ ತಣ್ಣಗಾತು?"

ಇಡೀ ತರಗತಿ, ಯಾವ ಸ್ಮಾರ್ಟ್ ಬೋರ್ಡಿನ ಮುಂದೆಯೂ ನಾನು ಕೇಳದಷ್ಟು ಹುರುಪಿನಿಂದ, ಕೂಗಿತು: "ಹೆಡ್‌ಸರ್ ಹರವಿಬಿಟ್ರರಿ!"

ಸುಜಾತಾ ನಗಲಿಲ್ಲ. ಹರವಿದರೆ ಮೈ ಹೆಚ್ಚು, ಹೊಟ್ಟೆ ಕಡಿಮೆ. ಬಿಸಿ ಹೊರಗೆ ಓಡಿಹೋಗುತ್ತದೆ ಎಂದರು. ಧೂಮಕೇತು ಸಣ್ಣದಿದ್ದರೂ ಹಾಗೆಯೇ ಆಗುತ್ತದೆ ಎಂದರು. ಆಮೇಲೆ ಎಲ್ಲರನ್ನೂ ಗೋಡೆಯಾಚೆ, ಸಾವಕಾರರ ಮೂಲ ತಿಪ್ಪೆಯ ಹತ್ತಿರ ಕರೆದೊಯ್ದರು. ಅದನ್ನು ಯಾರೂ ಸುಧಾರಿಸಿರಲಿಲ್ಲ. ಸಳಿ ಅರ್ಧದಷ್ಟು ಒಳಗೆ ಹೋಯಿತು. ಎಳೆಯುವಾಗ ತೂತಿನಿಂದ ಒಂದೆಳೆ ಉಗಿ ಎದ್ದಿತು.

"ಕೊಡಿಲ್ಲೆ. ತಿಪ್ಪಿ ನನಗ ತೋರಸ್ತೀಯೇನ" ಎಂದು ಸಾವಕಾರರು ಕೈ ಚಾಚಿದರು.

"ಸರ್, ಮುಂಗೈಲೆ ಮುಟ್ರಿ, ಹಿಡೀಬ್ಯಾಡ್ರಿ…"

ಹಿಡಿದರು. ಬಿಟ್ಟರು. ಸಳಿ ಅವರ ಚಪ್ಪಲಿಯ ಮೇಲೆ ಬಿತ್ತು. ಸುಟ್ಟಿರಲಿಲ್ಲ, ಆದರೆ ಅವರು ಬಾಯಿಂದ ಹೊರಡಿಸಿದ ಶಬ್ದ ಒಬ್ಬ ಶಿಕ್ಷಣ ಸಂಸ್ಥೆಯ ಕಾರ್ಯದರ್ಶಿಯಿಂದ ನಿರೀಕ್ಷಿಸುವಂಥದ್ದಲ್ಲ. ಮಕ್ಕಳು ಆ ಹೊಸ ಶಬ್ದವನ್ನು ಕೂಡಲೇ ಕಲಿತರು. ಸಾವಕಾರರು ಅಂಗೈಗೆ ಉಫ್ ಎಂದು ಊದುತ್ತ, 'ಅತ್ಯುತ್ತಮ' ಎನ್ನದೆ ಕಾರು ಹತ್ತಿ ಹೋದರು.

"ಹೋತು" ಎಂದರು ವೆಂಕಟರಾಯರು. "ನಾ ಹೇಳಿದ್ನಿಲ್ಲೋ, ಹೊಲಸು ಕಾಣತೈತಿ ಅಂತ."

ಸುಜಾತಾ ಆ ಸಂಜೆ ಕೋಣೆಯ ಮಾಲೀಕರಿಗೆ ತಿಂಗಳ ಕೊನೆಗೆ ಖಾಲಿ ಮಾಡಬೇಕಾಗಬಹುದೆಂದು ಹೇಳಿ ಇಟ್ಟರು. ನಾನು ಸಾವಕಾರರಿಗೆ ಫೋನ್ ಮಾಡಿ, ನಾಲ್ಕು ಪಾಠಗಳಲ್ಲಿ ವಿಷಯ ಮುಟ್ಟಿದ್ದು ಇದೊಂದೇ ಎಂದೆ. "ನನ್ನ ಕೈಗೂ ಮುಟ್ಟೇತಿ" ಎಂದು ಫೋನಿಟ್ಟರು.

ಆದರೆ ಪಾಠ ಮುಗಿದಿರಲಿಲ್ಲ. ತರಗತಿಯ ಮಕ್ಕಳು ಮನೆಮನೆಯ ತಿಪ್ಪೆಗೆ ಸಳಿ ಚುಚ್ಚತೊಡಗಿದರು. ಯಾರ ತಿಪ್ಪೆ ಹೆಚ್ಚು ಬಿಸಿ ಎಂಬುದು ಊರ ಚಹಾದಂಗಡಿಯ ಮಾತಾಯಿತು. ನಮ್ಮ ಕಡೆ ತಿಪ್ಪೆಯ ಗಾತ್ರದಿಂದ ಮನೆತನದ ಗಾತ್ರವನ್ನು ಅಳೆಯುವುದು ಹಳೆಯ ವಾಡಿಕೆ, ಈಗ ಅದಕ್ಕೆ ಉಷ್ಣತೆಯೂ ಸೇರಿತು. ಊರಿನ ಇನ್ನೊಬ್ಬ ದೊಡ್ಡ ಹೊಲದವರು ಸಿದ್ದನಗೌಡರು. ಅವರಿಗೂ ಸಾವಕಾರರಿಗೂ ಬದುವಿನ ಜಗಳ ತಂದೆಯ ಕಾಲದಿಂದ. ಗೌಡರು ಅಂಗಡಿಯಲ್ಲಿ ಕೂತು, "ಸಾವಕಾರನ ತಿಪ್ಪಿ ಗಾತ್ರಕ್ಕಷ್ಟ ದೊಡ್ಡದು. ಕಾವು ನಮ್ಮದರಾಗ ಐತಿ" ಎಂದುಬಿಟ್ಟರು. ಅಂಗೈ ಬಿಸಿ ಮಾಡಿಕೊಂಡವರಿಗೆ ಇದನ್ನು ಸಹಿಸಲು ಹೇಗೆ ಸಾಧ್ಯ? ಸಾವಕಾರರ ಫೋನ್ ಬಂತು.

"ಆ ಟೀಚರನ್ನ ಕರಕೊಂಡು ಬರ್ರಿ. ಸಾಲಿ ಥರ್ಮಾಮೀಟರ್ ತರ್ರಿ. ಎಲ್ಲಾರ ಮುಂದ ಅಳೀರಿ."

ಹೋದೆವು. ಅರ್ಧ ಊರು ಸೇರಿತ್ತು. ವೆಂಕಟರಾಯರು ದಾರಿಯಲ್ಲಿ ಸುಜಾತಾ ಅವರ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, ಎಂದರೆ ಎಲ್ಲರಿಗೂ ಕೇಳುವಂತೆ, ಹೇಳಿದರು: "ತಂಗಿ, ಸಾವಕಾರರದ್ದು ಒಂದೀಟು ಹೆಚ್ಚ ಓದಿಬಿಡು. ಪಾದರಸ ಯಾರಿಗೆ ಕಾಣತೈತಿ? ನಿನ್ನ ನೌಕರಿ ಅದರ ಮ್ಯಾಲ ನಿಂತೈತಿ."

ಸುಜಾತಾ ಸಳಿ ಎತ್ತಿಕೊಂಡು ಮುಂದೆ ನಡೆದರು. ಮೊದಲು ಸಾವಕಾರರ ತಿಪ್ಪೆ. ಸಳಿಯಿಂದ ತೂತು ಮಾಡಿ, ಥರ್ಮಾಮೀಟರನ್ನು ದಾರ ಕಟ್ಟಿ ಇಳಿಬಿಟ್ಟು, ಎತ್ತಿ, ಗಟ್ಟಿಯಾಗಿ ಓದಿದರು. ಆಮೇಲೆ ಓಣಿ ದಾಟಿ ಗೌಡರ ತಿಪ್ಪೆ. ಅದು ಸಾವಕಾರರದರ ಅರ್ಧದಷ್ಟೂ ಇರಲಿಲ್ಲ, ಆದರೆ ಮೊನ್ನೆ ಮೊನ್ನೆ ಹಸಿ ಸಗಣಿ, ಕಬ್ಬಿನ ಒಣಗರಿಯ ರವದಿ ಹಾಕಿ ಒಟ್ಟಿದ್ದು. ಮತ್ತೆ ಇಳಿಬಿಟ್ಟರು, ಎತ್ತಿದರು. ಅವರ ಕಣ್ಣು ಪಾದರಸದ ಮೇಲಿತ್ತು. ವೆಂಕಟರಾಯರ ಕಣ್ಣು ಅವರ ಮೇಲಿತ್ತು.

"ಗೌಡ್ರದು ಹೆಚ್ಚೈತ್ರಿ" ಎಂದರು ಸುಜಾತಾ.

ಗೌಡರ ಕಡೆಯವರು ಸಿಳ್ಳೆ ಹಾಕಿದರು. ಸಾವಕಾರರು ಸುಜಾತಾ ಅವರನ್ನು ನೋಡಿದ ರೀತಿಯಲ್ಲಿ ಪ್ರೊಬೇಷನ್, ಕಾಯಂ, ಪಗಾರ ಎಲ್ಲವೂ ಒಟ್ಟಿಗೆ ಕಾಣಿಸಿದವು.

"ನನ್ನ ಸಾಲಿ, ನನ್ನ ಥರ್ಮಾಮೀಟರ್" ಎಂದರು. "ಮತ್ತ ನನ್ನ ತಿಪ್ಪಿ ತಣ್ಣಗ ಅಂತಿ?"

"ತಣ್ಣಗ ಅನ್ನಲಿಲ್ರಿ. ಗೌಡ್ರದು ಹೊಸಾದು, ಕಾವು ಈಗ ಉಕ್ಕಾಕತ್ತೈತಿ. ಆದ್ರ ಸಣ್ಣದು. ಲಗೂನ ಆರತೈತಿ. ನಿಮ್ಮದು ಹಳೇದು, ಒಲಿ ಇಳದೈತಿ, ಆದ್ರ ದೊಡ್ಡದು. ಬಿಸಿಗೆ ಹೊರಗ ಹೋಗಾಕ ದಾರಿ ಇಲ್ಲ. ಗೌಡ್ರದು ಆರಿದ ಮ್ಯಾಲೂ ನಿಮ್ಮದು ಬೆಚ್ಚಗ ಇರತೈತ್ರಿ. ಬೇಕಂದ್ರ ಮುಂದಿನ ತಿಂಗಳ ಮತ್ತ ಅಳೀತೇನಿ."

ಸಾವಕಾರರು ಇದನ್ನು ನಿಧಾನವಾಗಿ ಒಳಗಿಳಿಸಿಕೊಂಡರು. ಮುಖದ ಮೇಲೆ ಬಿಸಿ ಇಳಿಯುವುದು ಕಂಡಿತು. "ಅಂದ್ರ ಈಗ ಹಾರಾಡ್ತಾನ ಅವ. ಕಡೀಗೆ ಉಳ್ಯಾವ ನಾನು."

"ತಿಪ್ಪಿ ಲೆಕ್ಕದಾಗ ಹೌದ್ರಿ."

"ಕೇಳಿದಿಲ್ಲೋ ಗೌಡಾ!" ಎಂದು ಸಾವಕಾರರು ಓಣಿಯಾಚೆ ಕೂಗಿದರು. ಆಮೇಲೆ ಥಟ್ಟನೆ ಸುಜಾತಾ ಅವರತ್ತ ತಿರುಗಿ, ನಾಲ್ಕು ಶಾಲೆಗಳ ಪಾಠ ಮುಗಿದ ಮೇಲೆ ಮೊದಲ ಬಾರಿಗೆ, ಧೂಮಕೇತುವಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು. "ಅಲ್ಲ ಟೀಚರ, ಆ ಧೂಮಕೇತು ಯಾರ ಹಂಗ? ನನ್ನ ಹಂಗೋ, ಅವನ ಹಂಗೋ?"

"ಇಬ್ಬರ ಹಂಗೂ ಅಲ್ಲರಿ. ಅಲ್ಯುಮಿನಿಯಂ ಕಾವು ಇಳದ ಮ್ಯಾಲ, ತಡಾ ಮಾಡಿ ಒಟ್ಟಿದ ಸಣ್ಣ ತಿಪ್ಪಿ ಅದು. ಲಗೂನ ದೊಡ್ಡದಾಗಿ ಒಟ್ಟಿದವು ಒಳಗ ಬೆಂದು ಹೋದ್ವು. ಇದು ಬೇಯಲಿಲ್ಲ, ಅದಕ್ಕಽ ಅದರ ಮಂಜು ಉಳದೈತಿ. ಎಷ್ಟು ತಡಾ, ಎಷ್ಟು ಸಣ್ಣದು ಅನ್ನೂದ್ರಾಗ ಓದಿದವರು ಇನ್ನೂ ಜಗಳಾಡಾಕತ್ತಾರ."

"ಜಗಳಾಡ್ಲಿ. ಆಡಬೇಕು" ಎಂದು ಸಾವಕಾರರು ತೃಪ್ತಿಯಿಂದ ಗೌಡರ ಬದುವಿನ ಕಡೆ ನೋಡಿದರು.

ಮುದ್ದೇಬಿಹಾಳದ ಹುಡುಗಿಗೆ ಆ ಉತ್ತರವನ್ನು ನಾನು ಮುಂದಿನ ವಾರ ಮುಟ್ಟಿಸಿದೆ. ಅದು ಪರೀಕ್ಷೆಗೆ ಬರುವುದಿಲ್ಲವೆಂದು ಅಲ್ಲಿಯ ಶಿಕ್ಷಕರು ಇನ್ನೊಮ್ಮೆ ನೆನಪಿಸಿದರು. ವೆಂಕಟರಾಯರು ಆ ತಿಂಗಳ ಸಭೆಯಲ್ಲಿ, ತಿಪ್ಪೆಯನ್ನು ಹರವಿಸಿದ್ದು ತುಲನಾತ್ಮಕ ಪ್ರಯೋಗಕ್ಕಾಗಿ ತಾವೇ ಮುಂದಾಲೋಚಿಸಿ ಮಾಡಿದ್ದೆಂದು ವಿವರಿಸಿದರು. ಸಭೆ ಅವರನ್ನು ಅಭಿನಂದಿಸಿತು.

ಅದೇ ಸಭೆಯಲ್ಲಿ ಸುಜಾತಾ ಅವರನ್ನು ಕಾಯಂ ಮಾಡಲಾಯಿತು. ಅವರು ಕೋಣೆ ಖಾಲಿ ಮಾಡಲಿಲ್ಲ.